ರೋವರ್ಸ್ ಕಪ್ಪು ಮೂರು ಸಲ ತಂದವರ ಹೆಸರು ಯಾರಿಗೆ ಗೊತ್ತು?

ಕಂಠೀರವ ಸ್ಟೇಡಿಯಂನಲ್ಲಿ ಫುಟ್‌ಬಾಲ್ ಮ್ಯಾಚ್ ಇರುವ ಸಂಜೆ ಸುತ್ತಮುತ್ತಲ ಬಸ್ ಸ್ಟಾಪುಗಳಲ್ಲಿ ನೀಲಿ ಜರ್ಸಿ ತೊಟ್ಟ ಹುಡುಗರದ್ದೇ ಗದ್ದಲ. ನೋಡಲು ಸಂತೋಷವೇ. ಆದರೆ ಅವರಲ್ಲಿ ಒಬ್ಬನನ್ನು ನಿಲ್ಲಿಸಿ, ‘ಏನಪ್ಪಾ, ಬೆಂಗಳೂರಿನ ಕಾಲ್ಚೆಂಡಾಟದ ಚರಿತ್ರೆ ಯಾವಾಗ ಶುರುವಾಯ್ತು?’ ಅಂತ ಕೇಳಿ ನೋಡಿ. 2013 ಅಂತಾನೆ. ಆ ವರ್ಷ ಬೆಂಗಳೂರು ಎಫ್.ಸಿ. ಹುಟ್ಟಿತು, ಮೊದಲನೇ ಸೀಸನ್ನಿನಲ್ಲೇ ಐ-ಲೀಗ್ ಗೆದ್ದುಕೊಂಡಿತು. ಅದು ದೊಡ್ಡ ಸಾಧನೆ, ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಹುಡುಗನ ಲೆಕ್ಕ ಕಡಿಮೆ ಅಂದರೂ ಎಪ್ಪತ್ತಾರು ವರ್ಷ ತಪ್ಪಿದೆ.

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅನ್ನುವ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂತು. ಆ ಕಪ್ ಗೆದ್ದ ಮೊಟ್ಟಮೊದಲ ಭಾರತೀಯ ತಂಡ ಅದು. ಮರು ವರ್ಷ 1938ರಲ್ಲಿ ಮತ್ತೆ ಗೆದ್ದಿತು. ಹತ್ತು ವರ್ಷ ಕಳೆದು 1948ರಲ್ಲಿ ಮೂರನೇ ಸಲ. ಮೂರು ಸಲವೂ ಎದುರಾಳಿ ಬೇರೆ ಬೇರೆ, ಮೂವರೂ ಸಾಮಾನ್ಯರಲ್ಲ. ಇಷ್ಟೆಲ್ಲ ಆಗಿದ್ದೂ ಇವತ್ತು ಶಿವಾಜಿನಗರದ ಬಸ್ ಸ್ಟಾಂಡಿನಲ್ಲಿ ನಿಂತು ಆ ತಂಡದ ಹೆಸರು ಹೇಳಿದರೆ ಜನ ನಮ್ಮ ಮುಖ ನೋಡುತ್ತಾರೆ.

ರೋವರ್ಸ್ ಅಂದರೆ ಏನು ಅಂತ ಈಗಿನವರಿಗೆ ಸ್ವಲ್ಪ ಹೇಳಬೇಕು. ಬ್ರಿಟಿಷರ ಕಾಲದಲ್ಲಿ ಈ ದೇಶದಲ್ಲಿ ಮೂರು ಕಪ್ಪುಗಳಿಗೆ ಬೆಲೆ ಇತ್ತು. 1888ರಲ್ಲಿ ಶುರುವಾದ ಡ್ಯೂರಾಂಡ್, 1891ರಲ್ಲಿ ಮುಂಬಯಿಯಲ್ಲಿ ಶುರುವಾದ ರೋವರ್ಸ್, 1893ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಐ.ಎಫ್.ಎ. ಶೀಲ್ಡ್. ಮೂರನ್ನೂ ಗೋರಾ ಪಲ್ಟನ್ನುಗಳು ತಮ್ಮ ತಮ್ಮಲ್ಲೇ ಹಂಚಿಕೊಳ್ಳುತ್ತಿದ್ದವು. ನಮ್ಮವರಿಗೆ ಆಡಲು ಅವಕಾಶ ಸಿಕ್ಕಿದ್ದೇ ತಡವಾಗಿ, ಗೆಲ್ಲುವುದಂತೂ ದೂರದ ಮಾತು. 1923ರಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ರೋವರ್ಸ್ ಫೈನಲ್ ತನಕ ಹೋಗಿ ಡರ್ಹಮ್ ಲೈಟ್ ಇನ್‌ಫೆಂಟ್ರಿ ಕೈಲಿ ಸೋತು ಬಂತು. ಆಮೇಲೆ ಹದಿನಾಲ್ಕು ವರ್ಷಕ್ಕೆ ಆ ಕಪ್ಪನ್ನು ಮುಟ್ಟಿದ್ದು ನಮ್ಮೂರಿನವರು.

ಆಗ ಬೆಂಗಳೂರಿನಿಂದ ಮುಂಬಯಿ ಅಂದರೆ ಈಗಿನ ಹಾಗೆ ರಾತ್ರಿ ಸ್ಲೀಪರ್ ಬಸ್ ಹತ್ತಿ ಬೆಳಿಗ್ಗೆ ಇಳಿಯುವ ಮಾತಲ್ಲ. ಪುಣೆಯ ತನಕ ಮೀಟರ್ ಗೇಜ್ ರೈಲು, ಅಲ್ಲಿ ಇಳಿದು ಬ್ರಾಡ್ ಗೇಜ್ ಗಾಡಿ ಹಿಡಿಯಬೇಕು. ಅಷ್ಟು ದೂರ ಹೋಗಿ 1937ರ ಫೈನಲ್‌ನಲ್ಲಿ ಇವರು ಎದುರಿಸಿದ್ದು ಯಾರನ್ನು? ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್! ಆ ಹೆಸರಿನ ತೂಕ ಈಗ ಅಂದಾಜಾಗುವುದು ಕಷ್ಟ. ಕಲ್ಕತ್ತಾ ಲೀಗನ್ನು ಗೆದ್ದ ಮೊದಲ ಭಾರತೀಯ ಕ್ಲಬ್ಬು ಅದು. 1934ರಿಂದ 1938ರವರೆಗೆ ಸತತ ಐದು ವರ್ಷ ಲೀಗು ಬೇರೆಯವರ ಕೈಗೆ ಹೋಗಲಿಲ್ಲ. 1936ರಲ್ಲಿ ಲೀಗಿನ ಜೊತೆಗೆ ಶೀಲ್ಡನ್ನೂ ಬಾಚಿಕೊಂಡಿದ್ದರು. ದೇಶದ ಮೂಲೆ ಮೂಲೆಯಿಂದ ಒಳ್ಳೊಳ್ಳೆ ಆಟಗಾರರನ್ನು ಹುಡುಕಿ ಕರೆಸಿಕೊಳ್ಳುತ್ತಿದ್ದರು. ಮಳೆಗಾಲದ ಕೆಸರಿನಲ್ಲಿ ಬರಿಗಾಲು ಜಾರುತ್ತೆ ಅಂತ ಬೂಟು ಹಾಕಿ ಆಡುವುದನ್ನು ರೂಢಿಸಿಕೊಂಡ ಬುದ್ಧಿವಂತರು. ಅಂಥವರ ಮೇಲೆ ಬೆಂಗಳೂರು ಮುಸ್ಲಿಮ್ಸ್ ಗೆದ್ದಿದ್ದು 1-0 ಗೋಲಿನಿಂದ. ಒಂದೇ ಗೋಲು ಸ್ವಾಮಿ, ಸಾಕಾಯಿತು.

ಮರು ವರ್ಷ ಎದುರಿಗೆ ನಿಂತಿದ್ದು ಬಿಳಿಯರು. ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಅನ್ನುವ ಸ್ಕಾಟ್ಲೆಂಡಿನ ರೆಜಿಮೆಂಟು. ಫೈನಲ್ 3-2ಕ್ಕೆ ಮುಗಿಯಿತು, ಕಪ್ ಮತ್ತೆ ಬೆಂಗಳೂರಿಗೆ. ಇಲ್ಲಿ ಒಂದು ವಿಷಯ ನೆನಪಿಡಬೇಕು. ಬೆಂಗಳೂರಿನ ಕಾಲ್ಚೆಂಡು ಬೆಳೆದದ್ದು ಪೇಟೆಯಲ್ಲಲ್ಲ, ದಂಡಿನಲ್ಲಿ. ಆಗ ದಂಡು ಪ್ರದೇಶ ಮೈಸೂರು ಮಹಾರಾಜರ ಆಡಳಿತಕ್ಕೆ ಸೇರಿರಲಿಲ್ಲ, ಬ್ರಿಟಿಷ್ ರೆಸಿಡೆಂಟನ ಕೈಯಲ್ಲಿತ್ತು. 1947ರ ಜುಲೈನಲ್ಲಿ ಮಾತ್ರ ಅದು ಮೈಸೂರಿಗೆ ವಾಪಸ್ ಬಂತು. ಅಂದರೆ ದಿನಾ ಬೆಳಗಾದರೆ ಸೋಲ್ಜರುಗಳ ಬೂಟಿನ ಸದ್ದು ಕೇಳುತ್ತಾ, ಅವರ ಪರೇಡ್ ಮೈದಾನದ ಅಂಚಿನಲ್ಲಿ ನಿಂತು ಅವರ ಆಟ ನೋಡುತ್ತಾ ಕಲಿತ ಊರು ಇದು. ಆ ಊರಿನ ತಂಡ ಅದೇ ಸೋಲ್ಜರುಗಳಿಗೆ ಅದೇ ಆಟದಲ್ಲಿ ಮೂರು ಗೋಲು ಹೊಡೆಯಿತು ಅಂದರೆ, ಅವತ್ತು ದಂಡಿನ ಟೀ ಅಂಗಡಿಗಳಲ್ಲಿ ಜನ ಹೇಗೆ ಕೂತಿದ್ದಿರಬಹುದು, ನೀವೇ ಊಹಿಸಿಕೊಳ್ಳಿ.

ಬಿಳಿಯರನ್ನು ಸೋಲಿಸಿದ್ದೇ ದೊಡ್ಡದು ಅಂತ ಎಲ್ಲರೂ ಹೇಳಬಹುದು. ನಮ್ಮ ಅಭಿಪ್ರಾಯ ಬೇರೆ. ಆಟದ ಲೆಕ್ಕದಲ್ಲಿ 1937ರ ಗೆಲುವೇ ಹಿರಿದು. ಯಾಕೆ ಅಂದರೆ ಆ ಹೊತ್ತಿಗೆ ಪಲ್ಟನ್ನುಗಳನ್ನು ವರ್ಷ ವರ್ಷವೂ ಸೋಲಿಸುತ್ತಿದ್ದ ತಂಡವೇ ಮೊಹಮ್ಮಡನ್ ಸ್ಪೋರ್ಟಿಂಗ್. ಹುಲಿ ಹೊಡೆಯುವವನನ್ನೇ ಹೊಡೆದ ಹಾಗೆ ಅದು.

ಗೆದ್ದಿದ್ದನ್ನಷ್ಟೇ ಹೇಳಿ ಸೋತಿದ್ದನ್ನು ಮುಚ್ಚಿಡುವುದು ಪತ್ರಿಕೆಯ ಕೆಲಸವಲ್ಲ. 1940ರಲ್ಲಿ ಇದೇ ಇಬ್ಬರು ಮತ್ತೆ ರೋವರ್ಸ್ ಫೈನಲ್‌ನಲ್ಲಿ ಎದುರಾದರು. ಈ ಸಲ 1-0 ಅವರ ಕಡೆಗೆ. ಮೊಹಮ್ಮಡನ್‌ನವರು ಬಾಕಿ ತೀರಿಸಿಕೊಂಡರು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಡ್ಯೂರಾಂಡ್ ಕಪ್ಪನ್ನೂ ಗೆದ್ದು, ಅದನ್ನು ಗೆದ್ದ ಮೊದಲ ಭಾರತೀಯ ತಂಡ ಅನ್ನಿಸಿಕೊಂಡರು. ಸೋತರೂ ಅಂಥವರ ಕೈಲಿ ಸೋತರು, ಅವಮಾನವೇನಿಲ್ಲ.

ಇನ್ನು 1948. ಬಾವುಟ ಬದಲಾಗಿತ್ತು, ಪಲ್ಟನ್ನುಗಳು ಹಡಗು ಹತ್ತಿದ್ದವು. ಆ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ, ಹೆಚ್ಚಿನವರು ಬರಿಗಾಲಲ್ಲೇ, ಫ್ರಾನ್ಸ್ ವಿರುದ್ಧ ಆಡಿ 2-1ರಲ್ಲಿ ಸೋತಿತು. ಭಾರತದ ಆ ಒಂದು ಗೋಲು ಹೊಡೆದವರು ಮೈಸೂರು ಕಡೆಯ ರಾಮನ್. ತಂಡದ ನಾಯಕ ತಲಿಮೆರೆನ್ ಆವೊ ಮೋಹನ್ ಬಗಾನ್ ಕ್ಲಬ್ಬಿನವರು, ಹಿಂದೆ ಕಾವಲು ನಿಂತಿದ್ದ ಶೈಲೇನ್ ಮನ್ನಾ ಕೂಡ ಅದೇ ಕ್ಲಬ್ಬು. ಹೀಗೆ ದೇಶಕ್ಕೇ ನಾಯಕನನ್ನು ಕೊಟ್ಟ ಮೋಹನ್ ಬಗಾನ್ ಆ ವರ್ಷ ರೋವರ್ಸ್ ಫೈನಲ್‌ಗೆ ಬಂತು. ಬೆಂಗಳೂರು ಮುಸ್ಲಿಮ್ಸ್ 1-0ರಲ್ಲಿ ಅವರನ್ನು ಬರಿಗೈಯಲ್ಲಿ ವಾಪಸ್ ಕಳಿಸಿತು. ಮೋಹನ್ ಬಗಾನ್‌ಗೆ ರೋವರ್ಸ್ ಕಪ್ ಸಿಕ್ಕಿದ್ದು 1955ರಲ್ಲಿ. ನಮ್ಮವರು ಮೊದಲ ಸಲ ಗೆದ್ದು ಹದಿನೆಂಟು ವರ್ಷಕ್ಕೆ.

ಇಲ್ಲಿ ಕೆಲವರು ಮೂಗು ಮುರಿಯಬಹುದು. ‘ಮುಸ್ಲಿಮ್ಸ್ ಅಂತ ಹೆಸರಿಟ್ಟುಕೊಂಡ ತಂಡ, ಅದು ಅವರ ಮನೆ ವಿಷಯ’ ಅಂತ. ಆ ಕಾಲದ ರೂಢಿ ಹಾಗಿತ್ತು ಸ್ವಾಮಿ. ಮುಂಬಯಿಯ ಕ್ರಿಕೆಟ್ಟಿನಲ್ಲಿ ಹಿಂದೂಗಳು, ಪಾರ್ಸಿಗಳು, ಮುಸ್ಲಿಮರು, ಯೂರೋಪಿಯನ್ನರು ಅಂತಲೇ ತಂಡ ಕಟ್ಟಿ ಆಡುತ್ತಿದ್ದರು. ಗಾಂಧೀಜಿಯವರಿಗೂ ಅದು ಹಿಡಿಸಲಿಲ್ಲ, ಕಡೆಗೆ ಅದು ನಿಂತೂ ಹೋಯಿತು. ಅದು ಬೇರೆ ಚರ್ಚೆ. ಆದರೆ ಕಪ್ಪಿನ ಮೇಲೆ ಕೆತ್ತಿದ ಹೆಸರಿನಲ್ಲಿ ಮೊದಲು ಬರುವ ಶಬ್ದ ಬೆಂಗಳೂರು. ಆ ಗೆಲುವಿನಲ್ಲಿ ಚಿಕ್ಕಪೇಟೆಯ ಅಂಗಡಿಯವರಿಗೂ ಪಾಲಿದೆ, ರಸೆಲ್ ಮಾರ್ಕೆಟ್ಟಿನ ಅಂಗಡಿಯವರಿಗೂ ಅಷ್ಟೇ ಪಾಲಿದೆ.

ಈಗ ಹೋಲಿಸಿ ನೋಡೋಣ. ಮೂರು ಹಳೇ ಕಪ್ಪು, ಮೂರು ಮೊದಲಿಗರು. ಶೀಲ್ಡ್ 1911ರಲ್ಲಿ ಮೋಹನ್ ಬಗಾನ್‌ಗೆ, ರೋವರ್ಸ್ 1937ರಲ್ಲಿ ಬೆಂಗಳೂರಿಗೆ, ಡ್ಯೂರಾಂಡ್ 1940ರಲ್ಲಿ ಮೊಹಮ್ಮಡನ್‌ಗೆ. ಇದರಲ್ಲಿ 1911ನ್ನು ಬಂಗಾಳಿಗಳು ಹೇಗೆ ಕಾಪಾಡಿಕೊಂಡಿದ್ದಾರೆ ನೋಡಿ. ಜುಲೈ 29 ಬಂತೆಂದರೆ ಮೋಹನ್ ಬಗಾನ್ ದಿನ. ಅವತ್ತು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಲ್ಲಿ ಸೋಲಿಸಿದ್ದನ್ನು ಮಗು ಕೂಡ ಹೇಳುತ್ತೆ. ನಾಯಕ ಶಿಬ್‌ದಾಸ್ ಭಾದುರಿ ಸಮ ಮಾಡಿದ್ದು, ಅಭಿಲಾಷ್ ಘೋಷ್ ಗೆಲುವಿನ ಗೋಲು ಹೊಡೆದದ್ದು, ಹನ್ನೊಂದು ಜನರಲ್ಲಿ ಸುಧೀರ್ ಚಟರ್ಜಿ ಒಬ್ಬರೇ ಬೂಟು ಹಾಕಿದ್ದು, ಎಲ್ಲವೂ ಬಾಯಿಪಾಠ. ಕ್ಲಬ್ಬಿಗೆ ನೂರು ವರ್ಷ ತುಂಬಿದಾಗ 1989ರಲ್ಲಿ ಅಂಚೆ ಚೀಟಿ ಬಂತು. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಅವರು ಮಾಡಿದ್ದು ಸರಿ. ನಾವು ಮಾಡದೆ ಬಿಟ್ಟಿದ್ದು ತಪ್ಪು.

ಮರೆಯಲು ಕಾರಣಗಳೂ ಇವೆ. ಮೊದಲನೆಯದು, ಆ ಕಪ್ಪೇ ಸತ್ತುಹೋಯಿತು. 2000-01ರಲ್ಲಿ ರೋವರ್ಸ್ ನಿಂತಿತು. ಟೂರ್ನಮೆಂಟೇ ಇಲ್ಲ ಅಂದಮೇಲೆ ಗೆದ್ದವರ ಪಟ್ಟಿ ಯಾರು ಓದುತ್ತಾರೆ? ಎರಡನೆಯದು, ನಮ್ಮ ಒಳ್ಳೊಳ್ಳೆ ಹುಡುಗರನ್ನು ಕಲ್ಕತ್ತೆ ಕರೆದುಕೊಂಡು ಹೋಯಿತು. ಅಲ್ಲಿ ದುಡ್ಡಿತ್ತು, ಕೆಲಸ ಇತ್ತು, ತುಂಬಿದ ಮೈದಾನ ಇತ್ತು. ಬೆಂಗಳೂರಿನ ಅಹಮದ್ ಖಾನ್ ಅವರ ಕಾಲಿನಲ್ಲಿ ಚೆಂಡು ಹಾವಾಡಿಗನ ಮುಂದಿನ ಹಾವಿನ ಹಾಗೆ ಆಡುತ್ತಿತ್ತು ಅಂತ ನೋಡಿದವರು ಹೇಳುತ್ತಿದ್ದರು. ಅವರು ಹೆಸರು ಮಾಡಿದ್ದು ಈಸ್ಟ್ ಬೆಂಗಾಲ್‌ನಲ್ಲಿ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹಮದ್ ಖಾನ್, ಈ ಐವರನ್ನು ಕಲ್ಕತ್ತೆಯವರು ಪಂಚಪಾಂಡವರು ಅಂತ ಕರೆದರು. ದಕ್ಷಿಣದಿಂದ ಹೋದ ಐವರಿಗೆ ಆ ಹೆಸರು! 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ನಮಗೆ ಹತ್ತು ಗೋಲು ಹೊಡೆದಾಗ ನಮ್ಮ ಕಡೆಯ ಒಂದೇ ಗೋಲು ಅಹಮದ್ ಖಾನರದ್ದು. 2017ರಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡರು.

ಹುಡುಗರನ್ನು ಕಳಿಸಿಕೊಟ್ಟ ಮೇಲೂ ನಾವು ಬಂಗಾಳವನ್ನು ಬಿಡಲಿಲ್ಲ, ಅದೂ ಗೊತ್ತಿರಲಿ. ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದದ್ದು ನಾಲ್ಕು ಸಲ: 1946-47, 1952-53, 1967-68, 1968-69. ನಾಲ್ಕೂ ಫೈನಲ್‌ಗಳಲ್ಲಿ ಎದುರಿಗಿದ್ದದ್ದು ಬಂಗಾಳವೇ. ಆಮೇಲೆ ಐದನೆಯದಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು. ಸೌದಿ ಅರೇಬಿಯಾದಲ್ಲಿ ಗೆದ್ದ ಕಪ್ಪಿಗೆ ಬೆಂಗಳೂರಿನ ರಸ್ತೆಯಲ್ಲಿ ಎಷ್ಟು ಜನ ಚಪ್ಪಾಳೆ ತಟ್ಟಿದರು ಅನ್ನುವುದನ್ನು ಕೇಳದಿರುವುದೇ ವಾಸಿ.

ನೀಲಿ ಜರ್ಸಿಯ ಹುಡುಗರಿಗೆ ಇದರಿಂದ ಏನು ಪ್ರಯೋಜನ ಅಂತ ಕೇಳಬಹುದು. ಪ್ರಯೋಜನ ಇದೆ. ಮೋಹನ್ ಬಗಾನ್ ಹೆಸರು ಕೇಳಿದರೆ ಅವರಿಗೆ ಗಾಯ ನೆನಪಾಗುತ್ತೆ. 2015ರ ಮೇ 31ರಂದು ಕಂಠೀರವದಲ್ಲೇ, ಗೆದ್ದರೆ ಲೀಗ್ ನಮ್ಮದು ಅನ್ನುವ ಪಂದ್ಯದಲ್ಲಿ, ಕೊನೇ ನಿಮಿಷಗಳಲ್ಲಿ ಅವರು 1-1 ಮಾಡಿ ಪಟ್ಟ ಹೊತ್ತುಕೊಂಡು ಹೋದರು. 2023ರ ಐ.ಎಸ್.ಎಲ್. ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋಲು, 2025ರ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಸೋಲು. ನಡುವೆ 2017ರಲ್ಲಿ ಕಟಕ್‌ನಲ್ಲಿ ಫೆಡರೇಷನ್ ಕಪ್ ಫೈನಲ್‌ನಲ್ಲಿ ವಿನೀತ್ ಎರಡು ಗೋಲು ಹೊಡೆದು ಅವರನ್ನು ಮಲಗಿಸಿದ್ದು ಒಂದು ಸಮಾಧಾನ. ಈ ಜಿದ್ದು 2013ರಲ್ಲಿ ಹುಟ್ಟಿದ್ದಲ್ಲ. 1948ರಲ್ಲೇ ಒಂದು ಗೋಲಿನ ಬಾಕಿ ಬರೆದಿಟ್ಟಿದೆ. ಮೊಹಮ್ಮಡನ್ ಸ್ಪೋರ್ಟಿಂಗ್ ಕೂಡ 2024-25ರಲ್ಲಿ ಐ.ಎಸ್.ಎಲ್.ಗೆ ಬಂದು ಕಂಠೀರವದಲ್ಲಿ ಆಡಿ ಹೋಯಿತು. 1937ರ ಫೈನಲ್ಲಿನ ಎದುರಾಳಿ ಇವರೇ ಅಂತ ಅವತ್ತು ಗ್ಯಾಲರಿಯಲ್ಲಿ ಎಷ್ಟು ಜನಕ್ಕೆ ಹೊಳೆಯಿತೋ!

ಮಾಡಬೇಕಾದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಕಂಠೀರವದ ಗೇಟಿನ ಹತ್ತಿರ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನ ಗೋಡೆಯ ಮೇಲೆ, ಟಿಕೆಟ್ಟಿಗೆ ಕ್ಯೂ ನಿಂತವನ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿ ಮೂರು ಸಾಲು ಬರೆಸಿ. 1937, 1938, 1948, ಎದುರಾಳಿ ಯಾರು, ಗೋಲು ಎಷ್ಟು. ಹಲಸೂರಿನ ಗೌತಮಪುರದ ಜನ ಬ್ರೆಜಿಲ್ಲಿನ ಪೆಲೆಗೆ ತಮ್ಮ ಬೀದಿಯಲ್ಲಿ ಪ್ರತಿಮೆ ನಿಲ್ಲಿಸಿದ್ದಾರೆ. ಅಷ್ಟು ಅಭಿಮಾನ ಇರುವ ಊರಿನಲ್ಲಿ ಸ್ವಂತ ಮನೆಯವರಿಗೆ ಒಂದು ಬೋರ್ಡು ಬರೆಸಲು ಪೇಂಟರ್ ಸಿಗುವುದಿಲ್ಲವೇ? ರಾಜ್ಯ ಫುಟ್‌ಬಾಲ್ ಸಂಸ್ಥೆ, ಕ್ರೀಡಾ ಇಲಾಖೆ ಇಬ್ಬರೂ ಕೂತು ಒಂದು ಮಧ್ಯಾಹ್ನದಲ್ಲಿ ತೀರ್ಮಾನಿಸಬಹುದಾದ ವಿಷಯ ಇದು.

ಇನ್ನೊಂದು ಕೆಲಸ ನಮ್ಮ ಓದುಗರದ್ದೇ. 1948ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗನಿಗೆ ಈಗ ವಯಸ್ಸು ತೊಂಬತ್ತರ ಹತ್ತಿರ. ಕಪ್ ಬಂದ ಸುದ್ದಿಯನ್ನು ಕಿವಿಯಾರೆ ಕೇಳಿದವರು ಇನ್ನು ಎಷ್ಟು ಜನ ಉಳಿದಿದ್ದಾರೋ. ಶಿವಾಜಿನಗರ, ಫ್ರೇಜರ್ ಟೌನ್, ಆಸ್ಟಿನ್ ಟೌನ್ ಕಡೆಯ ಹಳೇ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ, ದೇವರ ಪಟದ ಅಥವಾ ಮೆಕ್ಕಾ ಚಿತ್ರದ ಪಕ್ಕದಲ್ಲಿ, ಕಟ್ಟು ಹಾಕಿಸಿದ ಯಾವುದಾದರೂ ತಂಡದ ಕಪ್ಪುಬಿಳುಪು ಫೋಟೋ ಇದ್ದರೆ ಧೂಳು ಒರೆಸಿ, ಹಿಂಬದಿಯಲ್ಲಿ ಹೆಸರು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಮನೆಯಲ್ಲಿ ಅಜ್ಜ ಇರುವಾಗಲೇ ಕೇಳಿ ಬರೆಸಿಟ್ಟುಕೊಳ್ಳಿ.