ಸಮುವೇಲನಿಗೆ ಹೇಳಿದ್ದನ್ನು ನಮ್ಮ ಹುಡುಗಿಯರಿಗೆ ಹೇಳಬೇಡಿ

ಕಳೆದ ಡಿಸೆಂಬರಿನಲ್ಲಿ ನಮ್ಮ ಸಭೆಯ ಸಂಡೇ ಸ್ಕೂಲಿನವರು ಕ್ರಿಸ್‌ಮಸ್ ನಾಟಕಕ್ಕೆ ಪಾತ್ರ ಹಂಚಿದರು. ನಾಲ್ಕನೆಯ ತರಗತಿಯಲ್ಲಿ ಓದುವ ನನ್ನ ಅಣ್ಣನ ಮಗಳಿಗೆ ದೇವದೂತೆಯಾಗುವ ಆಸೆ. ದೇವದೂತೆಯ ಮಾತುಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗಿದ್ದಳು. ಸಿಕ್ಕಿದ್ದು ಮಾತಿಲ್ಲದ ಕುರುಬನ ಪಾತ್ರ. "ದೇವದೂತೆ ಅಂದ್ರೆ ಸ್ವಲ್ಪ ಬೆಳ್ಳಗಿದ್ರೆ ಸ್ಟೇಜ್ ಮೇಲೆ ಎದ್ದು ಕಾಣುತ್ತೆ ಅಲ್ವಾ" ಎಂದರಂತೆ ಟೀಚರು. ಅದರಲ್ಲಿ ಸಿಟ್ಟಿರಲಿಲ್ಲ, ದ್ವೇಷವಿರಲಿಲ್ಲ. ಬಟ್ಟೆಗೆ ಹೊಂದುವ ಬಳೆ ಆರಿಸುವಷ್ಟೇ ಸಹಜವಾಗಿ ಹೇಳಿದ್ದರು.

ಮನೆಗೆ ಬಂದು ಮುಖ ಊದಿಸಿಕೊಂಡು ಕೂತವಳನ್ನು ಪಕ್ಕಕ್ಕೆ ಕರೆದು, ನನ್ನ ಅಮ್ಮ ನನಗೆ ಹೇಳಿದ್ದನ್ನೇ ನಾನೂ ಹೇಳಿದೆ: ಮನುಷ್ಯರು ಮುಖ ನೋಡ್ತಾರೆ ಪುಟ್ಟಾ, ದೇವರು ಹೃದಯ ನೋಡ್ತಾನೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: "ಅಂದ್ರೆ ನನ್ನ ಮುಖ ಚೆನ್ನಾಗಿಲ್ಲ ಅಂತಾನಾ ಅತ್ತೆ?"

ನನ್ನ ಬಾಯಿ ಕಟ್ಟಿಹೋಯಿತು. ಅವಳು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದಳು. ನಮ್ಮ ಸಮಾಧಾನದ ಒಳಗೆ ಒಂದು ತೀರ್ಪು ಅಡಗಿದೆ. ಮುಖದ ವಿಷಯದಲ್ಲಿ ನೀನು ಸೋತಿದ್ದೀಯ, ಅದನ್ನು ಬಿಡು, ಹೃದಯದಲ್ಲಿ ಗೆಲ್ಲು ಎಂದೇ ಅದರ ಅರ್ಥ. ಬೆಳ್ಳಗಿನ ಹುಡುಗಿಗೆ ಈ ವಚನವನ್ನು ಯಾರಾದರೂ ಸಮಾಧಾನವೆಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಅಂದು ರಾತ್ರಿ ಒಂದನೆಯ ಸಮುವೇಲನ 16ನೆಯ ಅಧ್ಯಾಯವನ್ನು ಮತ್ತೆ ಓದಿದೆ. ಆ ಮಾತನ್ನು ದೇವರು ಹೇಳಿದ್ದು ಯಾರಿಗೆ? ನೊಂದ ಯಾವ ಕುರೂಪಿಗೂ ಅಲ್ಲ. ಹೇಳಿದ್ದು ಪ್ರವಾದಿಯಾದ ಸಮುವೇಲನಿಗೆ. ಸೌಲನ ಬದಲಿಗೆ ಇನ್ನೊಬ್ಬ ಅರಸನನ್ನು ಅಭಿಷೇಕಿಸಲು ಅವನು ಬೇತ್ಲೆಹೇಮಿಗೆ ಬಂದಿದ್ದಾನೆ. ಇಷಯನ ಹಿರಿಯ ಮಗ ಎಲೀಯಾಬ ಎದುರಿಗೆ ಬರುತ್ತಾನೆ. ಎತ್ತರದ ಆಳು, ನೋಡಲು ಲಕ್ಷಣವಾಗಿದ್ದಾನೆ. ಇವನೇ ಎಂದುಕೊಳ್ಳುತ್ತಾನೆ ಸಮುವೇಲ. ಆಗ ದೇವರು ಅವನನ್ನು ತಡೆಯುತ್ತಾನೆ. ಸಮುವೇಲನ ಕಣ್ಣಿಗೆ ಇದು ಹಳೆಯ ಚಟ. ಹಿಂದೆ ಸೌಲನನ್ನು ಜನರ ಮುಂದೆ ನಿಲ್ಲಿಸಿ ಇಂಥವನು ಇನ್ನೊಬ್ಬನಿಲ್ಲ ಎಂದು ಹೊಗಳಿದವನೂ ಅವನೇ. ಸೌಲ ಎಲ್ಲರಿಗಿಂತ ಒಂದು ತಲೆ ಎತ್ತರವಿದ್ದ. ಆ ಎತ್ತರದ ಗತಿ ಏನಾಯಿತೆಂದು ಎಲ್ಲರೂ ಕಂಡಿದ್ದರು.

ಹಾಗಾಗಿ ಇದು ಸಾಂತ್ವನದ ವಚನವಲ್ಲ, ಗದರಿಕೆಯ ವಚನ. ಗದರಿಸಿದ್ದು ನೋಡುವವನನ್ನು, ನೋಡಿಸಿಕೊಂಡವನನ್ನಲ್ಲ. ದೋಷ ಇದ್ದದ್ದು ಸಮುವೇಲನ ಕಣ್ಣಿನಲ್ಲಿ. ನಾವು ಮಾಡಿರುವ ಮೋಸ ಇಷ್ಟೇ: ಕಣ್ಣಿಗೆ ಬರೆದ ಔಷಧಿಯನ್ನು ಮುಖಕ್ಕೆ ಹಚ್ಚುತ್ತ ಬಂದಿದ್ದೇವೆ. ಪಾತ್ರ ಹಂಚಿದ ಟೀಚರಿಗೆ ಯಾರೂ ಈ ವಚನ ಹೇಳಲಿಲ್ಲ. ಪಾತ್ರ ಕಳೆದುಕೊಂಡ ಮಗುವಿಗೆ ನಾನೇ ಹೇಳಿದೆ.

ಸಭೆಗಳ ಮಾಸಪತ್ರಿಕೆಗಳ ವಧೂವರರ ಕಾಲಂ ತೆರೆದು ನೋಡಿ. ದೈವಭಯವುಳ್ಳ, ವಿದ್ಯಾವಂತ, ಬೆಳ್ಳಗಿನ ಹುಡುಗಿ ಬೇಕು. ಹೃದಯ ಮತ್ತು ಚರ್ಮ ಒಂದೇ ಸಾಲಿನಲ್ಲಿ, ನಡುವೆ ಒಂದು ಅಲ್ಪವಿರಾಮ. ಕಪ್ಪಗಿನ ಹುಡುಗಿಯ ಮನೆಯವರು 'ಎಣ್ಣೆಗೆಂಪು', 'ಗೋಧಿ ಬಣ್ಣ' ಎಂದು ಬರೆಸಿ ಮಾನ ಉಳಿಸಿಕೊಳ್ಳುತ್ತಾರೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕೂಡ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದುಹಾಕಿತು. ವ್ಯಾಪಾರಿಗೆ ಆದಷ್ಟು ನಾಚಿಕೆಯೂ ನಮ್ಮ ಕಾಲಮ್ಮಿಗೆ ಆಗಿಲ್ಲ.

ಬೈಬಲ್ಲೇ ಚೆಲುವನ್ನು ಹೊಗಳುವುದಿಲ್ಲವೇ ಎಂದು ನೀವು ಕೇಳಬಹುದು. ಹೊಗಳುತ್ತದೆ. ರಾಹೇಲಳು, ಯೋಸೇಫ, ಎಸ್ತೇರಳು ಎಲ್ಲರೂ ಚೆಲುವರೇ. ಅದೇ 16ನೆಯ ಅಧ್ಯಾಯದಲ್ಲಿ, ಆ ಗದರಿಕೆ ಮುಗಿದು ಕೆಲವೇ ವಚನಗಳಾಚೆ ಕುರಿ ಕಾಯುತ್ತಿದ್ದ ದಾವೀದ ಬಂದಾಗ ಅವನ ಕಣ್ಣು ಚೆಂದವಿತ್ತೆಂದು ಬರೆದಿದೆ. ನನಗೆ ಇದು ತೊಡಕಲ್ಲ, ಬಲ. ದೇವರಿಗೆ ಹೃದಯವಷ್ಟೇ ಸಾಕು, ದೇಹ ಲೆಕ್ಕಕ್ಕಿಲ್ಲ ಎಂಬುದು ಕ್ರೈಸ್ತ ಮಾತೇ ಅಲ್ಲ. ಆರಾಧನೆಯಲ್ಲಿ ಅಪೊಸ್ತಲರ ವಿಶ್ವಾಸ ಪ್ರಮಾಣ ಹೇಳುವಾಗ ನಾವು ನಂಬುತ್ತೇವೆನ್ನುವುದು ಶರೀರದ ಪುನರುತ್ಥಾನವನ್ನು. ಎದ್ದುಬಂದ ಕ್ರಿಸ್ತ ತೋಮನಿಗೆ ತೋರಿಸಿದ್ದು ಗಾಯದ ಗುರುತುಳ್ಳ ಕೈಗಳನ್ನು. ಗಾಯವೂ ಮಹಿಮೆಯೊಳಗೆ ಹೋಗಬಹುದಾದರೆ ಒಂದು ಮಗುವಿನ ಮೈಬಣ್ಣ ಬಾಗಿಲಲ್ಲೇ ಯಾಕೆ ನಿಲ್ಲಬೇಕು?

ಪರಮಗೀತದ ಮೊದಲ ಅಧ್ಯಾಯದ ಹುಡುಗಿ ನನಗೆ ಇಷ್ಟ. ತಾನು ಕಪ್ಪು ಎನ್ನುತ್ತಾಳೆ, ಚೆಲುವೆ ಎನ್ನುತ್ತಾಳೆ. ಈ ಎರಡರ ನಡುವೆ ಹೀಬ್ರೂವಿನಲ್ಲಿ ಇರುವುದು ಒಂದೇ ಅಕ್ಷರ. ಅದನ್ನು 'ಮತ್ತು' ಎಂದೂ ಓದಬಹುದು, 'ಆದರೆ' ಎಂದೂ ಓದಬಹುದು. ಪ್ರಾಚೀನ ಗ್ರೀಕ್ ಅನುವಾದ 'ಮತ್ತು' ಎಂದಿತು. ಲ್ಯಾಟಿನ್ ವಲ್ಗೇಟ್ 'ಆದರೆ' ಎಂದಿತು. ಆ 'ಆದರೆ'ಯೇ ಇವತ್ತಿಗೂ ನಮ್ಮ ಮನೆಗಳಲ್ಲಿ ಓಡಾಡುತ್ತಿದೆ: ಹುಡುಗಿ ಕಪ್ಪು, ಆದರೆ ಲಕ್ಷಣವಾಗಿದ್ದಾಳೆ. ಆ ಹುಡುಗಿ ಅಲ್ಲಿಗೇ ನಿಲ್ಲಿಸುವುದಿಲ್ಲ. ತನ್ನನ್ನು ದಿಟ್ಟಿಸಬೇಡಿ ಎಂದು ಸುತ್ತಲಿನವರಿಗೆ ಹೇಳುತ್ತಾಳೆ. ಅಣ್ಣತಮ್ಮಂದಿರು ದ್ರಾಕ್ಷಿತೋಟ ಕಾಯಲು ಹಚ್ಚಿದರು, ಬಿಸಿಲು ಸುಟ್ಟಿತು ಎಂದು ಕಾರಣವನ್ನೂ ಕೊಡುತ್ತಾಳೆ. ಇಲ್ಲಿಯೂ ಬುದ್ಧಿಮಾತು ನೋಡುವವರಿಗೇ.

ನನ್ನ ಅಜ್ಜಿ ಕಂಡವರ ರಾಗಿ ಹೊಲದಲ್ಲಿ ಕೂಲಿ ಮಾಡಿದವಳು. ನಮ್ಮ ದೇಶದಲ್ಲಿ ಕಪ್ಪಿನ ಹಿಂದೆ ಬಿಸಿಲಿನ ದುಡಿಮೆ ಇರುತ್ತದೆ, ದುಡಿಮೆಯ ಹಿಂದೆ ಜಾತಿ ಇರುತ್ತದೆ. ಮೈಬಣ್ಣದ ಮಾತು ಬರೀ ಮೈಬಣ್ಣದ ಮಾತಾಗಿ ಉಳಿಯುವುದಿಲ್ಲ. ಜಾತಿ ಕೇಳದ ದೇವರೆಂದು ನಂಬಿ ನಮ್ಮ ಹಿರಿಯರು ಸಭೆಗೆ ಬಂದರು. ಬಂದವರ ಮೊಮ್ಮಕ್ಕಳನ್ನು ಬಣ್ಣ ನೋಡಿ ವಿಂಗಡಿಸಿದರೆ ಆ ಮಾತಿಗೆ ನಾವೇ ತಪ್ಪಿದ ಹಾಗೆ.

ಇನ್ನು ಗೋಡೆಯ ಮೇಲಿನ ಚಿತ್ರ. ನಮ್ಮ ಎಷ್ಟೋ ಮನೆಗಳ ಯೇಸು 1940ರಲ್ಲಿ ಅಮೆರಿಕದ ವಾರ್ನರ್ ಸಾಲ್ಮನ್ ಬರೆದ ಯೇಸು, ಇಲ್ಲವೇ ಅವನ ತಮ್ಮನಂತಿರುವ ಯಾವುದೋ ಕ್ಯಾಲೆಂಡರಿನ ಯೇಸು. ನಾಲ್ಕು ಸುವಾರ್ತೆಗಳಲ್ಲಿ ಯೇಸುವಿನ ಬಣ್ಣದ ಬಗ್ಗೆ, ಎತ್ತರದ ಬಗ್ಗೆ ಒಂದಕ್ಷರವಿಲ್ಲ. ಗೆತ್ಸೇಮನೆಯಲ್ಲಿ ಅವನನ್ನು ಹಿಡಿದುಕೊಡಲು ಯೂದನು ಮುತ್ತಿಟ್ಟು ಗುರುತು ಹೇಳಬೇಕಾಯಿತು. ಕತ್ತಲೂ ಒಂದು ಕಾರಣವಿರಬಹುದು, ಆದರೂ ಹನ್ನೊಂದು ಜನ ಶಿಷ್ಯರ ನಡುವೆ ಎದ್ದು ಕಾಣುವ ರೂಪ ಅದಾಗಿರಲಿಲ್ಲವೆಂದೇ ನನಗೆ ತೋರುತ್ತದೆ. ಕ್ರೈಸ್ತರು ಕ್ರಿಸ್ತನ ಮುನ್ಸೂಚನೆಯೆಂದು ಓದುವ ಯೆಶಾಯನ 53ನೆಯ ಅಧ್ಯಾಯದ ಸೇವಕನಲ್ಲಂತೂ ಜನರ ಕಣ್ಣು ಸೆಳೆಯುವ ಅಂದವೇ ಇರಲಿಲ್ಲ. ಎರಡನೆಯ ಶತಮಾನದಲ್ಲಿ ಕ್ರೈಸ್ತರನ್ನು ಟೀಕಿಸಿದ ಕೆಲ್ಸಸ್ ಇದನ್ನೇ ಹಿಡಿದುಕೊಂಡ. ದೇವರ ಆತ್ಮ ಒಂದು ದೇಹದಲ್ಲಿ ಇದ್ದದ್ದೇ ಆದರೆ ಆ ದೇಹ ಬೇರೆಯವರಿಗಿಂತ ಅಂದವಾಗಿ, ಭವ್ಯವಾಗಿ ಇರಬೇಕಿತ್ತಲ್ಲ ಎಂಬುದು ಅವನ ವಾದ. ಆರಿಜನ್ ಅವನಿಗೆ ಒಂದು ದೊಡ್ಡ ಪುಸ್ತಕದಲ್ಲಿ ಉತ್ತರ ಬರೆದ. ಇವತ್ತು ನಮ್ಮ ಕ್ಯಾಲೆಂಡರುಗಳು ಕೆಲ್ಸಸ್‌ನ ಪಕ್ಷ ವಹಿಸಿವೆ. ಬೇರೆ ದಾರಿ ಇಲ್ಲದಿಲ್ಲ. ಬೆಂಗಳೂರಿನ ಬಳಿಯ ಸಿಲ್ವೆಪುರದಲ್ಲಿದ್ದು ಜ್ಯೋತಿ ಸಾಹಿ ದಶಕಗಳ ಕಾಲ ಈ ನೆಲದ ರೂಪದಲ್ಲೇ ಕ್ರಿಸ್ತನನ್ನು ಚಿತ್ರಿಸಿದ್ದಾರೆ.

ಈಚೆಗೆ ಯುವಜನರ ಕೂಟಗಳಲ್ಲಿ ಇನ್ನೊಂದು ಔಷಧಿ ಬಂದಿದೆ. ನೀನು ಅರಸನ ಮಗಳು, ಪ್ರತಿಯೊಬ್ಬಳೂ ಸುಂದರಿ, ದಿನಾ ಕನ್ನಡಿಯ ಮುಂದೆ ನಿಂತು ಹೇಳಿಕೋ. ಉದ್ದೇಶ ಒಳ್ಳೆಯದು, ಆದರೆ ಇಲ್ಲಿಯೂ ಕೆಲಸ ಬೀಳುವುದು ಹುಡುಗಿಯ ಮೇಲೇ. ಅವಮಾನ ಮಾಡಿದವರು ಹಾಯಾಗಿ ಮನೆಗೆ ಹೋಗುತ್ತಾರೆ, ಆದವಳು ಕನ್ನಡಿಯ ಮುಂದೆ ಅಭ್ಯಾಸ ಮಾಡಬೇಕು. ಅವಳಿಗೆ ಆತ್ಮವಿಶ್ವಾಸ ಕಡಿಮೆ ಎನ್ನುವ ಮೊದಲು ಅದನ್ನು ಕಡಿಮೆ ಮಾಡಿದವರು ಯಾರೆಂದು ಕೇಳಬೇಡವೇ?

ನಾನು ಕೇಳುವುದು ದೊಡ್ಡದೇನಲ್ಲ. ವಧೂವರರ ಕಾಲಮ್ಮಿನಿಂದ ಬಣ್ಣದ ಮಾತನ್ನು ಸಂಪಾದಕರು ಒಂದು ಗೆರೆ ಎಳೆದು ತೆಗೆಯಲಿ. ನಾಟಕದ ಪಾತ್ರವನ್ನು ಮಾತು ಚೆನ್ನಾಗಿ ಹೇಳುವ ಮಗುವಿಗೆ ಕೊಡಲಿ. ಸಭಾಪಾಲಕರು ಮುಂದಿನ ಸಲ ಆ ವಚನದ ಮೇಲೆ ಪ್ರಸಂಗ ಮಾಡುವಾಗ ಹುಡುಗಿಯರ ಬೆಂಚಿನ ಕಡೆ ಕರುಣೆಯಿಂದ ನೋಡುವ ಬದಲು, ಸೊಸೆ ಹುಡುಕುತ್ತಿರುವ ನಮ್ಮಂಥ ಹಿರಿಯರ ಬೆಂಚಿನ ಕಡೆ ನೋಡಿ ಹೇಳಲಿ. ಪಾಪದ ಅರಿಕೆಯ ಹೊತ್ತಿನಲ್ಲಿ ನಮ್ಮ ಕಣ್ಣುಗಳ ಪಾಪಕ್ಕೂ ಜಾಗವಿರಲಿ. ಅದರಲ್ಲಿ ನನ್ನದೂ ಸೇರಿದೆ. ಹುಡುಗಿ ನೋಡಲು ಹೋದ ಮನೆಯಿಂದ ಬಂದವರನ್ನು 'ಬಣ್ಣ ಹೇಗೆ?' ಎಂದು ನಾನೂ ಕೇಳಿದ್ದುಂಟು.

ಆ ಮಗುವಿನ ಪ್ರಶ್ನೆಗೆ ಉತ್ತರ ಕೊಡಲು ನನಗೆ ಮೂರು ವಾರ ಬೇಕಾಯಿತು. ಕ್ರಿಸ್‌ಮಸ್ ಕಳೆದ ಮೇಲೆ ಒಂದು ಸಂಜೆ ಅವಳಿಗೆ ತಲೆ ಬಾಚುತ್ತ ಹೇಳಿದೆ: ನಿನ್ನ ಮುಖ ಚೆನ್ನಾಗಿದೆ ಪುಟ್ಟಾ. ಅವತ್ತು ಚೆನ್ನಾಗಿ ನೋಡದವರು ನಾವು.