ಹೊಳೆ ದಾಟಿದವರ ಸಾಲ



ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ ನಮ್ಮಲ್ಲೊಂದು ಗಾದೆ ಇದೆ. ದಾಟಿದ ಮೇಲೂ ಬಿಟ್ಟುಬಂದ ದಡವನ್ನು ಮರೆಯದ ಒಂದು ಜನದ ಬಗ್ಗೆ ಈ ಸಲ ಹೇಳಬೇಕೆನ್ನಿಸಿದೆ.

ಅವರು ಹ್ಮಾಂಗ್ ಜನ. ದಕ್ಷಿಣ ಚೀನಾ, ವಿಯೆಟ್ನಾಂ, ಲಾವೋಸ್, ಥಾಯ್ಲೆಂಡ್‌ಗಳ ಬೆಟ್ಟಗಳಲ್ಲಿ ಭತ್ತ, ಮುಸುಕಿನ ಜೋಳ ಬೆಳೆದು ಬದುಕಿದವರು. ಬಯಲಿನವರು ಇವರನ್ನು 'ಮೇವೊ' ಅಂತ ಹೀನಾಯವಾಗಿ ಕರೆದರು. ಇವರು 'ನಾವು ಹ್ಮಾಂಗ್' ಅಂದರು. ಹೆಸರಿಟ್ಟು ಕೀಳು ಮಾಡೋದು ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

1960ರ ದಶಕದಲ್ಲಿ ಅಮೆರಿಕದ ಸಿಐಎ ಲಾವೋಸಿನಲ್ಲಿ ಕಮ್ಯುನಿಸ್ಟರ ವಿರುದ್ಧ ಗುಟ್ಟಾಗಿ ಯುದ್ಧ ನಡೆಸಿತು. ಹ್ಮಾಂಗ್ ಹುಡುಗರ ಕೈಗೆ ಬಂದೂಕು ಕೊಟ್ಟಿತು. ಆಚೆ ಪಕ್ಷದಲ್ಲಿ ಕಾದಿದ ಹ್ಮಾಂಗರೂ ಇದ್ದರು. 1964ರಿಂದ 1973ರವರೆಗೆ ಲಾವೋಸಿನ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಬಿತ್ತು. ಸಿಡಿಯದೆ ಉಳಿದವು ಇಂದಿಗೂ ಹೊಲಗಳಲ್ಲಿ ಹೂತಿವೆ. ಜಗಳ ದೊಡ್ಡವರದು, ಸತ್ತವರು ಬೆಟ್ಟದ ಬಡವರು. 1975ರಲ್ಲಿ ಅಮೆರಿಕ ಕೈಕೊಟ್ಟಿತು. ಸಾವಿರಾರು ಜನ ಕತ್ತಲಲ್ಲಿ ಮೆಕಾಂಗ್ ಹೊಳೆ ದಾಟಿ ಥಾಯ್ಲೆಂಡಿನ ಕ್ಯಾಂಪುಗಳಿಗೆ ಓಡಿದರು. ಮಗು ಅಳದಿರಲಿ ಅಂತ ಅಫೀಮು ಕೊಟ್ಟ ತಾಯಂದಿರಿದ್ದರು. ಕೆಲವು ಮಕ್ಕಳು ಮತ್ತೆ ಕಣ್ಣು ಬಿಡಲಿಲ್ಲ.

ಅಲ್ಲಿಂದ ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಾ. ಅಮೆರಿಕದಲ್ಲೇ ಈಗ ಅವರು 3 ಲಕ್ಷಕ್ಕೂ ಹೆಚ್ಚು. ಕಾರ್ಖಾನೆಯಲ್ಲಿ ದುಡಿದು, ತರಕಾರಿ ಬೆಳೆದು ಮಾರಿ ಮಕ್ಕಳನ್ನು ಓದಿಸಿದರು. 2002ರಲ್ಲಿ ಮೀ ಮುವಾ ಎಂಬ ಹೆಣ್ಣುಮಗಳು ಮಿನ್ನೆಸೋಟ ರಾಜ್ಯದ ಸೆನೆಟ್ಟಿಗೆ ಗೆದ್ದುಬಂದರು.

ಸಂಬಳ ಕಂಡ ಮೇಲೆ ದುಡ್ಡು ಹಿಂದಕ್ಕೂ ಹರಿಯಿತು. ಒಂದೇ ಕುಲದ ಹೆಸರಿನವರೆಲ್ಲ ಅಣ್ಣತಮ್ಮಂದಿರು ಅನ್ನೋದು ಅವರ ನಡೆ. ಲಾವೋಸಿನ ಹಳ್ಳಿಯಲ್ಲಿ ಹುಡುಗನ ಶಾಲೆಗೆ, ಮುದುಕಿಯ ಔಷಧಿಗೆ, ಮನೆಯ ಸೂರಿಗೆ ಹಣ ಬಂತು. ಕ್ಯಾಂಪಿನ ಹೆಂಗಸರು ಯುದ್ಧದ ಕತೆಯನ್ನೇ ಬಟ್ಟೆಯ ಮೇಲೆ ಕಸೂತಿ ಹಾಕಿ ಕಳಿಸಿದರು. ಅಮೆರಿಕದ ನೆಂಟರು ಅದನ್ನು ಮಾರಿ ದುಡ್ಡು ಕಳಿಸಿದರು. ಇಬ್ಬರದೂ ದುಡಿಮೆ. ಇದರಲ್ಲಿ ಭಿಕ್ಷೆ ಎಲ್ಲಿದೆ?

ಆದರೆ ಇನ್ನೊಂದು ಮುಖವನ್ನೂ ನಾವು ಮುಚ್ಚಿಡಬಾರದು. ನಾಡು ಮರಳಿ ಗೆಲ್ಲುತ್ತೇವೆ ಅಂತ ಮುಖಂಡರು ಬಡ ನಿರಾಶ್ರಿತರಿಂದ ಚಂದಾ ಎತ್ತಿದರು. ನಾಡು ಸಿಗಲಿಲ್ಲ. ಜೇಬಲ್ಲಿ ಡಾಲರ್ ಇಟ್ಟುಕೊಂಡ ಕೆಲವು ಗಂಡಸರು ಊರಿಗೆ ಹೋಗಿ ಮಗಳ ವಯಸ್ಸಿನ ಹುಡುಗಿಯರನ್ನು ಮದುವೆಯಾದರು. ಇದನ್ನು ಬಯಲಿಗೆಳೆದು ಪ್ರಶ್ನೆ ಕೇಳಿದವರು ಅಮೆರಿಕದ ಹ್ಮಾಂಗ್ ಹೆಣ್ಣುಮಕ್ಕಳೇ. ದುಡ್ಡು ಕಳಿಸಿದವನು ಧಣಿಯಾದರೆ ಅದು ಅಭಿವೃದ್ಧಿಯಲ್ಲ, ಹೊಸ ಜೀತ.

ಯಾಂಗ್ ದಾವ್ ಹ್ಮಾಂಗರಲ್ಲಿ ಮೊದಲು ಡಾಕ್ಟರೇಟ್ ಪಡೆದವರು, 1972ರಲ್ಲಿ ಫ್ರಾನ್ಸಿನಲ್ಲಿ. ಅವರು ಆರಿಸಿಕೊಂಡ ವಿಷಯ ಲಾವೋಸಿನ ಹ್ಮಾಂಗರ ಅಭಿವೃದ್ಧಿಗಿರುವ ತೊಡಕುಗಳು. ಪದವಿ ಹಿಡಿದು ಲಾವೋಸಿಗೇ ಮರಳಿದರು. 1975ರಲ್ಲಿ ಅವರೂ ಓಡಬೇಕಾಯಿತು. ಆದರೆ ತನ್ನ ಓದು ಯಾರದು ಅನ್ನೋದು ಅವರಿಗೆ ಗೊತ್ತಿತ್ತು.

ಹಾಸ್ಟೆಲ್ಲಿಗೆ ಬಂದ ನಾವೂ ಒಂದು ಹೊಳೆ ದಾಟಿದವರೇ. 1956ರಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು ಓದಿದವರನ್ನು ನೆನೆದೇ ನೊಂದುಕೊಂಡರು. ನೌಕರಿ ಸಿಕ್ಕ ಮೇಲೆ ಕೇರಿಯ ದಾರಿ ಮರೆತವರು ನಮ್ಮಲ್ಲಿ ಕಡಿಮೆಯಿಲ್ಲ. ಮರಳಿ ಹೋಗಿ ಕಟ್ಟೆಯ ಮೇಲೆ ಕೂತು ಬುದ್ಧಿ ಹೇಳುವವರೂ ಕಡಿಮೆಯಿಲ್ಲ. ಇಬ್ಬರೂ ಬೇಡ. ಕೇರಿಗೆ ಹೋಗೋಣ. ಅವ್ವಂದಿರ ಜೊತೆ ನೆಲದ ಮೇಲೆ ಕೂತು, ಏನಾಗಬೇಕು ಅಂತ ಮೊದಲು ಅವರನ್ನೇ ಕೇಳೋಣ. ಜೇಬಿಗೆ ಕೈ ಹಾಕೋದು ಆಮೇಲೆ.