ಹನ್ನೊಂದು ರಾಡು, ಇಟ್ಟುಕೊಳ್ಳುವುದು ಮೂರು

ನನ್ನ ಹತ್ತಿರ ಹನ್ನೊಂದು ಫ್ಲೈ ರಾಡುಗಳಿದ್ದವು. ಬೆಂಗಳೂರಿನ ಸುದ್ದಗುಂಟೆಪಾಳ್ಯದ ನಮ್ಮ ಹಳೇ ಮನೆಯನ್ನು ಈ ವರ್ಷ ಕೆಡವುತ್ತಾರೆ. ಅಕ್ಕಪಕ್ಕದ ಮನೆಗಳೆಲ್ಲ ಕ್ರೈಸ್ಟ್ ವಿಶ್ವವಿದ್ಯಾಲಯದ ಮಕ್ಕಳಿಗೆ ಪಿ.ಜಿ.ಗಳಾಗಿ ಬಹಳ ಕಾಲವಾಯಿತು, ನಮ್ಮದು ಉಳಿದಿತ್ತು. ಹೊಸ ಕಟ್ಟಡ ಎದ್ದ ಮೇಲೆ ನನಗೂ ನಮ್ಮ ಮನೆಯವರಿಗೂ ಒಂದು ರೂಮು. ಅಟ್ಟದಲ್ಲಿದ್ದ ಅಲ್ಯೂಮಿನಿಯಂ ಕೊಳವೆಗಳನ್ನು ಇಳಿಸಿ ರಾಡುಗಳನ್ನು ಚಾಪೆಯ ಮೇಲೆ ಸಾಲಾಗಿ ಹರಡಿದಾಗ ಮಗಳ ಮಗ ಕೇಳಿದ: "ತಾತ, ಇದ್ರಲ್ಲಿ ಬೆಸ್ಟ್ ಯಾವ್ದು?" ಮೂರನ್ನು ಇಟ್ಟುಕೊಂಡು ಉಳಿದದ್ದನ್ನು ಕೊಟ್ಟುಬಿಡುವುದೆಂದು ತೀರ್ಮಾನಿಸಿದ್ದೇನೆ. ಯಾವ ಮೂರು ಎಂದು ಪತ್ರಿಕೆಯಲ್ಲಿ ಬರೆಯುವುದಕ್ಕೆ ಕಾರಣವಿದೆ. ಆರಿಸುತ್ತ ಕೂತಾಗ ರಾಡಿಗಿಂತ ಹೆಚ್ಚಾಗಿ ನೀರಿನ ಬಗ್ಗೆ ಯೋಚಿಸಬೇಕಾಯಿತು.

ಫ್ಲೈ ಗಾಳವನ್ನು ನೋಡಿಲ್ಲದವರಿಗೆ ಒಂದು ಮಾತು. ಎರೆಹುಳು ಅಥವಾ ರಾಗಿ ಹಿಟ್ಟಿನ ಉಂಡೆ ಸಿಕ್ಕಿಸಿ ಎಸೆಯುವ ಗಾಳದಲ್ಲಿ ಎರೆಯ ತೂಕ, ಸೀಸದ ಗುಂಡಿನ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂದರೆ ಸಣ್ಣ ಕೊಕ್ಕೆಗೆ ಪುಕ್ಕ, ನೂಲು ಸುತ್ತಿ ಮಾಡಿದ ಹುಳು. ಅದಕ್ಕೆ ತೂಕವೇ ಇಲ್ಲ. ಹಾಗಾಗಿ ದಪ್ಪ ಲೈನಿನ ತೂಕವನ್ನೇ ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ, ಆ ತೂಕದಿಂದ ರಾಡನ್ನು ಬಗ್ಗಿಸಿ, ಅದು ನೆಟ್ಟಗಾಗುವ ಜೋರಿನಲ್ಲಿ ಹುಳುವನ್ನು ನೀರಿನ ಮೇಲೆ ಇಳಿಸಬೇಕು. ಲೈನಿನ ಮೊದಲ 30 ಅಡಿ ಎಷ್ಟು ತೂಗುತ್ತದೆ ಎಂಬುದರ ಮೇಲೆ ಲೈನಿಗೂ ಅದನ್ನು ಬೀಸುವ ರಾಡಿಗೂ ನಂಬರು. ಐದನೇ ನಂಬರಿಗೆ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. ಎಂಟನೇ ನಂಬರಿಗೆ 210 ಗ್ರೇನ್, ಹದಿಮೂರೂವರೆ ಗ್ರಾಂ. ಈ ನಾಲ್ಕೂವರೆ ಗ್ರಾಂ ವ್ಯತ್ಯಾಸ ಕೈಗೆ ತಕ್ಷಣ ತಿಳಿಯುತ್ತದೆ. ನನ್ನ ಹುಳುಗಳಿಗೆ ಪುಕ್ಕ ಮಡಿವಾಳ ಮಾರ್ಕೆಟ್ಟಿನಿಂದ ಬರುತ್ತದೆ. ನಾಟಿ ಹುಂಜದ ಕತ್ತಿನ ಪುಕ್ಕ ಬೇಕು. ಫಾರಂ ಕೋಳಿಯದು ನೀರಿಗೆ ಬಿದ್ದ ಕೂಡಲೇ ಮುದ್ದೆಯಾಗುತ್ತದೆ.

ಕೊನೆಯ ಸ್ಥಾನದಿಂದ ಶುರು: ಬಿದಿರಿನ ರಾಡು. ಒಂಬತ್ತು ಅಡಿ, ಮೂರು ತುಂಡು, ತಯಾರಕನ ಹೆಸರು ಅಳಿಸಿಹೋಗಿದೆ. ಕೊಡಗಿನ ಒಂದು ಕಾಫಿ ತೋಟದ ಬಂಗಲೆಯ ಸಾಮಾನು ಮಾರುವಾಗ ಸಿಕ್ಕಿದ್ದು. ನಾನು ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ಡೀಸೆಲ್ ಪಂಪಿನ ಪ್ಲಂಜರ್‌ಗಳನ್ನು ಲ್ಯಾಪಿಂಗ್ ಮಾಡುವ ವಿಭಾಗದಲ್ಲಿ ನಿವೃತ್ತನಾದವನು. ಪ್ಲಂಜರಿಗೂ ಬ್ಯಾರಲ್ಲಿಗೂ ನಡುವೆ ಎರಡು ಮೂರು ಮೈಕ್ರಾನ್ ಸಂದು ಬಿಡುವ ಕೆಲಸ. ಅಂಥವನಿಗೂ ಈ ಬಿದಿರನ್ನು ನೋಡಿ ಬೆರಗಾಯಿತು. ಬಿದಿರನ್ನು ಉದ್ದಕ್ಕೆ ಸೀಳಿ, ಒಂದೊಂದು ಸೀಳನ್ನೂ 60 ಡಿಗ್ರಿಯ ತ್ರಿಕೋನಕ್ಕೆ ಹೆರೆದು, ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗುವಂತೆ ಮಾಡಿ, ಆರನ್ನು ಸೇರಿಸಿ ಅಂಟಿಸಿದರೆ ಆರು ಮುಖದ ರಾಡು. ಎದುರುಬದುರು ಮುಖಗಳ ಮೇಲೆ ಮೈಕ್ರೋಮೀಟರ್ ಇಟ್ಟು ಅಳೆದೆ. ಮೂರು ಕಡೆಯೂ ಅಳತೆ ಒಂದಕ್ಕೊಂದು ಕೂದಲೆಳೆಯಷ್ಟೂ ಬೇರೆಯಾಗಲಿಲ್ಲ. ಕೈ ರಂದದಲ್ಲಿ ಹೆರೆದ ಕೆಲಸ ಅದು.

ಇಂಥ ರಾಡುಗಳಿಗೆ ಬೇಕಾದ ಟಾಂಕಿನ್ ಬಿದಿರು ದಕ್ಷಿಣ ಚೀನಾದ್ದು. 1950ರಲ್ಲಿ ಅಮೆರಿಕ ಚೀನಾದ ಜೊತೆ ವ್ಯಾಪಾರ ನಿಲ್ಲಿಸಿದ್ದೇ ಅಮೆರಿಕದ ತಯಾರಕರ ಬಿದಿರಿನ ದಾರಿ ಮುಚ್ಚಿತು, ಫೈಬರ್ ಗ್ಲಾಸ್ ಗೆದ್ದಿತು. 1973ರ ಹೊತ್ತಿಗೆ ಕಾರ್ಬನ್ ಬಂತು. ಈಗ ಕೊಳ್ಳುವುದೆಲ್ಲ ಕಾರ್ಬನ್. ಬಿದಿರು ಕಾರ್ಬನ್ನಿಗಿಂತ ಭಾರ, ನಿಧಾನ. ಅರ್ಧ ಬೆಳಗ್ಗೆ ಬೀಸಿದರೆ ನನ್ನ ವಯಸ್ಸಿನವರ ಮಣಿಕಟ್ಟು ಸೋಲುತ್ತದೆ. ಆದರೂ ಇದು ಮನೆಯಲ್ಲೇ ಇರುತ್ತದೆ, ಮೂರನೆಯದಾಗಿ. ಸಡಿಲವಾಗಿದ್ದ ಉಂಗುರಗಳಿಗೆ ನಾನೇ ರೇಷ್ಮೆ ದಾರ ಸುತ್ತಿ ವಾರ್ನಿಷ್ ಕೊಟ್ಟಿದ್ದೇನೆ; ಮಾಡಿದವನ ಕೆಲಸಕ್ಕೆ ನನ್ನ ಕೈಯೂ ಸ್ವಲ್ಪ ಸೇರಿದೆ.

ಎರಡನೆಯದು ಹಳದಿ ಬಣ್ಣದ ಫೈಬರ್ ಗ್ಲಾಸ್ ರಾಡು, ಏಳೂವರೆ ಅಡಿ, ಆರನೇ ನಂಬರ್. ಕಾರ್ಬನ್ ಬಂದ ಮೇಲೆ ಜನ ಇದನ್ನು ಕಡೆಗಣಿಸಿದರು, ಅದು ಅನ್ಯಾಯ. ಕಾರ್ಬನ್ ರಾಡು ತುದಿಯಲ್ಲಷ್ಟೇ ಬಗ್ಗಿ ಚಟ್ಟನೆ ನೆಟ್ಟಗಾಗುತ್ತದೆ; ಹೊಸದಾಗಿ ಕಲಿಯುವವನಿಗೆ ಏನು ನಡೆಯಿತೆಂದೇ ಗೊತ್ತಾಗುವುದಿಲ್ಲ. ಗ್ಲಾಸ್ ಹಿಡಿಯ ತನಕ ಬಗ್ಗುತ್ತದೆ. ಲೈನು ಹಿಂದೆ ಪೂರ್ತಿ ಬಿಚ್ಚಿಕೊಂಡಿತು ಎಂಬುದು ಅಂಗೈಗೆ ಬಂದು ಮುಟ್ಟುತ್ತದೆ, ಆಗ ಮುಂದಕ್ಕೆ ಬೀಸಿದರೆ ಸಾಕು. ಮೊಮ್ಮಗನಿಗೆ ತಾರಸಿಯ ಮೇಲೆ ಕೊಕ್ಕೆ ಬದಲು ಉಲ್ಲನ್ ಚೂರು ಕಟ್ಟಿ ಇದರಲ್ಲೇ ಹೇಳಿಕೊಟ್ಟೆ. ಮಕ್ಕಳಿಗೆ ಮೊದಲ ದಿನವೇ ದುಬಾರಿ ಕಾರ್ಬನ್ ಕೊಡಿಸುವ ತಂದೆತಾಯಿಗಳಿಗೆ ನನ್ನ ಸಲಹೆ ಇಷ್ಟೇ: ಹಳೇ ಗ್ಲಾಸ್ ರಾಡು ಎಲ್ಲಾದರೂ ಸಿಕ್ಕರೆ ಬಿಡಬೇಡಿ.

ಮೊದಲ ಸ್ಥಾನ ಒಂಬತ್ತು ಅಡಿಯ ಐದನೇ ನಂಬರಿನ ಕಾರ್ಬನ್ನಿಗೆ. ನಾಲ್ಕು ತುಂಡಿನದು, ಬೆಲೆಯಲ್ಲಿ ಮಧ್ಯಮ, ನೋಡಲು ಏನೂ ವಿಶೇಷವಿಲ್ಲ. ಆದರೆ ಹನ್ನೊಂದರಲ್ಲಿ ಹಿಡಿಯ ಬಿರಡೆ ಕಪ್ಪಗಾಗಿರುವುದು ಇದೊಂದರದೇ. ಹೆಬ್ಬೆರಳು ಕೂರುವ ಜಾಗದಲ್ಲಿ ಸಣ್ಣ ತಗ್ಗೇ ಬಿದ್ದಿದೆ. ಕನಕಪುರ ಕಡೆ ಸ್ನೇಹಿತರ ತೋಟದ ಕೃಷಿ ಹೊಂಡ, ಆನೇಕಲ್ ಕಡೆ ಗುತ್ತಿಗೆದಾರರನ್ನು ಕೇಳಿಕೊಂಡು ನಿಲ್ಲುವ ಕೆರೆಯ ಏರಿ, ಎಲ್ಲಕ್ಕೂ ಇದೇ. ಸಿಗುವುದು ಬಹುಪಾಲು ಜಿಲೇಬಿ ಮೀನು, ಒಮ್ಮೊಮ್ಮೆ ಗೆಂಡೆ. ಅಂಗೈಯಗಲದ ಜಿಲೇಬಿ ಮೈಯನ್ನು ಅಡ್ಡ ತಿರುಗಿಸಿ ನೀರಿಗೆ ಒತ್ತು ಕೊಟ್ಟು ಎಳೆಯುವಾಗ ಐದನೇ ನಂಬರು ಅರ್ಧಕ್ಕೆ ಬಾಗುತ್ತದೆ. ಎಂಟನೇ ನಂಬರಿನಲ್ಲಿ ಅದೇ ಮೀನು ಎಳೆದದ್ದೂ ತಿಳಿಯುವುದಿಲ್ಲ. ಹತ್ತಿರದ ನೀರಿಗೆ, ಅಲ್ಲಿರುವ ಮೀನಿಗೆ ಹೊಂದುವ ರಾಡೇ ನನಗೆ ಮೆಚ್ಚು.

ಹಾಗೆಂದು ಎಂಟನೇ ನಂಬರನ್ನು ಬಿಟ್ಟುಕೊಡುವುದು ಸುಲಭವಾಗಿರಲಿಲ್ಲ. ಅದು ಕಾವೇರಿಯ ದೊಡ್ಡ ಮೀನಾದ ಮಹಶೀರ್‌ಗೆಂದು ಕೊಂಡ ರಾಡು. ಮಹಶೀರ್ ಗಾಳಕ್ಕೂ ಕರ್ನಾಟಕಕ್ಕೂ ಹಳೆಯ ನಂಟು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ, ಭಾರತದ ಗಾಳಗಾರಿಕೆಯ ಪ್ರಸಿದ್ಧ ಪುಸ್ತಕ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. 1946ರಲ್ಲಿ ಮೈಸೂರು ಸೀಮೆಯಲ್ಲಿ, ಪ್ರಾಣಿಗಳ ಚರ್ಮ ತುಂಬಿ ನಿಲ್ಲಿಸುವುದಕ್ಕೆ ಹೆಸರಾಗಿದ್ದ ವ್ಯಾನ್ ಇಂಗನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗನ್ ಹಿಡಿದ 120 ಪೌಂಡಿನ, ಅಂದರೆ 54 ಕಿಲೋ ತೂಕದ ಮಹಶೀರ್ ಇವತ್ತಿಗೂ ದಾಖಲೆ. ಆಮೇಲೆ ಮೀನು ಹೊಡೆಯಲು ಡೈನಮೈಟ್ ಬಂತು, ಅಣೆಕಟ್ಟುಗಳು ಬಂದವು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ, ಆಮೇಲೆ ಸರ್ಕಾರದ ಜಂಗಲ್ ಲಾಡ್ಜಸ್, ಕಾವೇರಿ ದಂಡೆಯಲ್ಲಿ ಹಿಡಿದು ಬಿಡುವ ಪದ್ಧತಿಯನ್ನು ಬೆಳೆಸಿದವು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಕ್ಯಾಂಪುಗಳಲ್ಲಿ ಮೊದಲು ಕದ್ದು ಮೀನು ಹೊಡೆಯುತ್ತಿದ್ದವರೇ ಹೊಳೆ ಕಾಯುವವರಾದರು. ಇದೆಲ್ಲ ಕಾವೇರಿ ವನ್ಯಜೀವಿ ಧಾಮದ ಒಳಗೆ. 2012ರ ಹೊತ್ತಿಗೆ ಅಲ್ಲಿ ಗಾಳ ನಿಂತುಹೋಯಿತು.

ಧಾಮದ ಒಳಗೆ ಗಾಳ ಬೇಡ ಎಂಬ ಮಾತಿಗೆ ನನ್ನ ತಕರಾರಿಲ್ಲ. ಆದರೆ ಆ ಕ್ಯಾಂಪುಗಳಲ್ಲಿ ಗಾಳಗಾರರು ಬರೆದಿಟ್ಟ ಲೆಕ್ಕದ ಪುಸ್ತಕಗಳಿದ್ದವಲ್ಲ, ಅವುಗಳ ಕತೆ ಕೇಳಿ. ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು, ಎಷ್ಟು ತೂಕ ಎಂದು ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದ ಲೆಕ್ಕವನ್ನು ವಿಜ್ಞಾನಿಗಳು ತೆಗೆದು ಕೂಡಿಸಿದಾಗ, ಮೀನುಮರಿ ಕೇಂದ್ರಗಳಲ್ಲಿ ಸಾಕಿ ಹೊಳೆಗೆ ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ ಹೋಗಿರುವುದೂ ಕಾವೇರಿಯ ಸ್ವಂತದ್ದಾದ ಡುಬ್ಬದ ಮಹಶೀರ್ ಕುಸಿಯುತ್ತ ಬಂದಿರುವುದೂ ಕಂಡಿತು. ಸಂಖ್ಯೆ ಒಟ್ಟಿನಲ್ಲಿ ಚೆನ್ನಾಗಿದೆ ಎಂದು ಎಲ್ಲರೂ ನೆಮ್ಮದಿಯಲ್ಲಿದ್ದಾಗ ಒಳಗೇ ಮೀನು ಬದಲಾಗುತ್ತಿತ್ತು. ಡುಬ್ಬದ ಮಹಶೀರ್ ಯಾವುದೆಂದು ವಿಜ್ಞಾನ ಗುರುತು ಹಿಡಿದು ಟೋರ್ ರೆಮಾದೇವಿ ಎಂಬ ಹೆಸರಿಗೆ ಸೇರಿಸಿದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ಅದರ ಬಗ್ಗೆ ಎಚ್ಚರಿಸಿದ್ದು ಗಾಳದವರ ಪುಸ್ತಕ. ಗಾಳ ನಿಂತ ಮೇಲೆ ಆ ಪುಸ್ತಕವೂ ನಿಂತಿತು, ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ ಎನ್ನುವುದು ನನ್ನ ಸಂಕಟ.

ಅದೇ ಕೆಲಸ ಬೆಂಗಳೂರಿನ ಕೆರೆಗಳಲ್ಲಿ ಆಗಬೇಕು ಎನ್ನುವುದು ನನ್ನ ಬೇಡಿಕೆ. ನಮ್ಮ ಮನೆಯಿಂದ ಮಡಿವಾಳ ಕೆರೆ ಆಟೋದಲ್ಲಿ ಹೋಗುವಷ್ಟು ದೂರ. ಆದರೂ ರಾಡು ಹಿಡಿಯಬೇಕೆಂದರೆ ಕನಕಪುರ ರಸ್ತೆ ಹಿಡಿಯಬೇಕು. ಬಹಳ ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಇಲ್ಲವೇ ಬೇಲಿಯ ಮೇಲೆ ನಿಷೇಧದ ಬೋರ್ಡು. ಜನ ಬೇಲಿಯಾಚೆ ವಾಕಿಂಗ್ ಮಾಡುತ್ತಾರೆ. ನೀರನ್ನು ನೋಡುತ್ತಾ ಎರಡು ಗಂಟೆ ನಿಲ್ಲುವವರು ಯಾರೂ ಇಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದ ಮೇಲೇ ನೀರು ಕೆಟ್ಟಿದ್ದು ಊರಿಗೆ ಗೊತ್ತಾಯಿತು. ಅಂಥ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾಗುವುದು ಸೂರ್ಯ ಹುಟ್ಟುವ ಮುಂಚೆ. ಮೊದಲ ಮಳೆಗೆ ಚರಂಡಿಯ ಕೊಳೆ ಕೆರೆಗೆ ನುಗ್ಗಿದ ಮಾರನೇ ಬೆಳಗ್ಗೆಯಂತೂ ಇನ್ನೂ ಕಡಿಮೆ. ಹುಳು ಹಿಡಿಯಲು ಮೇಲೆ ಬರುವ ಮೀನು ನೀರಿನ ಮೇಲೆ ಒಂದು ಬಳೆ ಮೂಡಿಸಿ ಮುಳುಗುತ್ತದೆ, ಬಳೆ ಹರಡುವಷ್ಟರಲ್ಲಿ ಅದು ಅಲ್ಲಿರುವುದಿಲ್ಲ. ಉಸಿರಿಗೆ ಬರುವ ಮೀನು ಮುಳುಗುವುದಿಲ್ಲ. ಬಾಯಿ ಮೇಲ್ಮೈಗೆ ತಾಗಿಸಿಕೊಂಡು ತೆರೆದು ಮುಚ್ಚುತ್ತ ನಿಂತಲ್ಲೇ ಇರುತ್ತದೆ, ಪಕ್ಕದಲ್ಲಿ ಹುಳು ಇಳಿಸಿದರೂ ತಿರುಗುವುದಿಲ್ಲ. ಗಾಳದವನಿಗೆ ಈ ವ್ಯತ್ಯಾಸ ಕಣ್ಣಳತೆಯಲ್ಲೇ ತಿಳಿಯುತ್ತದೆ. ಆ ಹೊತ್ತಿಗೆ ಕೆರೆ ನೋಡಿಕೊಳ್ಳುವ ಇಲಾಖೆಗೆ ಒಂದು ಫೋನು ಹೋದರೆ ಗಾಳಿ ಹಾಯಿಸುವ ಯಂತ್ರ ಚಾಲು ಮಾಡಲು, ಕೊಳೆ ಬರುವ ಕಾಲುವೆ ಕಟ್ಟಲು ಸಮಯ ಸಿಗುತ್ತದೆ.

ಪ್ರತಿ ದೊಡ್ಡ ಕೆರೆಯಲ್ಲಿ ಹಕ್ಕಿಗಳು ಗೂಡು ಕಟ್ಟದ ಬದಿಯಲ್ಲಿ ಐವತ್ತು ಮೀಟರ್ ದಡ ಗುರುತು ಮಾಡಲಿ. ದಿನದ ಟಿಕೆಟ್ ಇರಲಿ, ಗುತ್ತಿಗೆದಾರರಿಗೂ ಅದರಲ್ಲಿ ಪಾಲು ಹೋಗಲಿ. ಕೊಕ್ಕೆಗೆ ಹಿಮ್ಮುಳ್ಳು ಇರಕೂಡದು, ಒಬ್ಬರಿಗೆ ಒಂದೇ ರಾಡು. ನಾಡಿನ ಮೀನು ಸಿಕ್ಕರೆ ಒದ್ದೆ ಕೈಯಲ್ಲಿ ಹಿಡಿದು ವಾಪಸು ಬಿಡಬೇಕು. ಸಾಕುವುದಕ್ಕೇ ನಿಷೇಧವಿರುವ ಆಫ್ರಿಕಾದ ಕ್ಯಾಟ್‌ಫಿಶ್ ಸಿಕ್ಕರೆ ನೀರಿಗೆ ಬಿಡದೆ ಇಲಾಖೆಗೆ ಒಪ್ಪಿಸಬೇಕು. ಗೇಟಿನಲ್ಲಿ ದಪ್ಪ ರಟ್ಟಿನ ಒಂದು ಪುಸ್ತಕ: ತಾರೀಕು, ನಿಂತ ಹೊತ್ತು, ಮೀನು, ಉದ್ದ, ನೀರಿನ ಬಣ್ಣ, ವಾಸನೆ. ಏನೂ ಸಿಗದಿದ್ದರೂ ಬರೆಯಲೇಬೇಕು, ಸಿಗದ ದಿನಗಳ ಲೆಕ್ಕವಿಲ್ಲದೆ ಸಿಕ್ಕ ದಿನಗಳ ಲೆಕ್ಕಕ್ಕೆ ಅರ್ಥವಿಲ್ಲ. ಕಾರ್ಖಾನೆಯಲ್ಲಿ ಒಂದು ಪಾಳಿಗೆ ಗೇಜು ಹಾಕದೆ ಬಿಟ್ಟ ಮಾಲನ್ನು ನಾವು ಹೊರಗೆ ಕಳಿಸುತ್ತಿರಲಿಲ್ಲ.

ಉಳಿದ ಎಂಟು ರಾಡುಗಳಲ್ಲಿ ಏಳಕ್ಕೆ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸಮುದ್ರಕ್ಕೆಂದು ಕೊಂಡ ಹತ್ತನೇ ನಂಬರು ಕಾರವಾರಕ್ಕೆ ಹೋಗಿದೆ. ಕೊನೆಗೆ ಉಳಿದ ಮಹಶೀರ್‌ನ ಎಂಟನೇ ನಂಬರನ್ನು ಕೇಳಿಕೊಂಡು ಕುಶಾಲನಗರದ ಕಡೆಯ ಒಬ್ಬ ಯುವಕ ಬಂದಿದ್ದ, ಪರವಾನಗಿ ಇರುವ ಕಡೆ ಮಾತ್ರ ಗಾಳ ಹಾಕುವವನು. ಅವನಿಗೆ ರಾಡಿನ ಜೊತೆ ಗೆರೆ ಹಾಕಿದ ಒಂದು ನೋಟ್‌ಬುಕ್ಕನ್ನೂ ಕೊಟ್ಟೆ. ಪ್ರತಿ ಮಳೆಗಾಲ ಕಳೆದ ಮೇಲೆ ಬರೆದ ಪುಟಗಳ ಫೋಟೊ ಕಳಿಸಬೇಕು, ಎರಡು ವರ್ಷ ಪುಟ ಖಾಲಿ ಬಂದರೆ ರಾಡನ್ನು ಬರೆಯುವ ಇನ್ನೊಬ್ಬರಿಗೆ ದಾಟಿಸಬೇಕು ಎಂದಿದ್ದೇನೆ. ಅವನು ಒಪ್ಪಿದ್ದಾನೆ.